ಹತ್ತು ವರ್ಷ ಬರುವ ಯಂತ್ರ

ಹೊಸದುರ್ಗ
6 ಜುಲೈ 2025

ಮಗಳು ಹೇಮಾವತಿಗೆ,

ಮೊದಲ ಸಾಲಿನಲ್ಲಿ ಎರಡೂ ಕಡೆಯ ಕ್ಷೇಮ ಬರೆಯುವುದು ರೂಢಿ. ನಿನ್ನ ಕಡೆಯದು ನನಗೆ ಗೊತ್ತಿಲ್ಲ, ನನ್ನ ಕಡೆಯದು ಸರಿಯಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಮೂರು ತಿಂಗಳಿಂದ ದನಿ ಒಡೆದಿತ್ತು. ದೂಳು ಎಂದುಕೊಂಡೆ. ಬೀಡಿ ಎಂದುಕೊಂಡು ಅದನ್ನೂ ಬಿಟ್ಟೆ. ಸರಿಹೋಗಲಿಲ್ಲ. ದಾವಣಗೆರೆಗೆ ಹೋಗಿ ತೋರಿಸಿದೆ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ಔಷಧಿಯಲ್ಲಿ ಕರಗುವ ಅಳತೆ ದಾಟಿದೆ ಎಂದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ, ಸೆಪ್ಟೆಂಬರ್ ಮೊದಲ ವಾರ ಆಪರೇಷನ್. ಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಉಸಿರು ಕತ್ತಿನಲ್ಲಿ ಮಾಡುವ ತೂತಿನಿಂದ. ಮಾತು ಇರುವುದಿಲ್ಲ. ನಿಮ್ಮಮ್ಮನಿಗೆ ಗಡ್ಡೆ ಎಂದಷ್ಟೇ ಹೇಳಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತು. ಕಚೇರಿ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತೇನೆ ಎಂದರೂ, ಬರೆಯುವುದು ಕಾಲು ಭಾಗ, ಕೇಳುವುದು ಮುಕ್ಕಾಲು. ಕೇಳದಿದ್ದರೆ ಜನ ಹೇಳುವುದಿಲ್ಲ. ಸ್ಲೇಟಿನ ಮೇಲೆ ಬರೆದು ಕೇಳೋಣವೆಂದರೆ, ಓದಲು ಬಾರದ್ದಕ್ಕೇ ತಾನೇ ಅವರು ನನ್ನ ಹತ್ತಿರ ಬರುವುದು.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೋಡುವ ಶಾಲಿನಿ ಮೇಡಂ ಒಂದು ದಾರಿ ಹೇಳಿದರು. "ಈಗ ಇರೋ ದನೀಲೇ ಆರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಕಳ್ರಿ. ಆಮೇಲೆ ನೀವು ಟೈಪ್ ಮಾಡಿದ್ದನ್ನ ಕಂಪ್ಯೂಟರು ನಿಮ್ಮ ದನೀಲೇ ಹೇಳುತ್ತೆ" ಎಂದರು. ಅದಕ್ಕೊಂದು ಲ್ಯಾಪ್‌ಟಾಪ್ ಬೇಕು. ನೀನು ರಿಪೇರಿ ಅಂಗಡಿಯಲ್ಲಿದ್ದೀಯ, ಒಳ್ಳೆಯದು ಯಾವುದೆಂದು ಬಲ್ಲೆ. ಆರಿಸಿ ಹೇಳು.

ಹೋದ ನವೆಂಬರಿನಲ್ಲಿ ನೀನು ಬಸ್‌ಸ್ಟ್ಯಾಂಡಿನಲ್ಲಿ ಹಂಚಿದ ಕರಪತ್ರವನ್ನು ನಾನೂ ಓದಿದ್ದೇನೆ. "ಕಚೇರಿಗಳ ಮುಂದೆ ಕುಳಿತು ಬಡವರ ಬಾಯಿಗೆ ಬಾಡಿಗೆ ವಸೂಲು ಮಾಡುವವರು." ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾನು ಆ ಮೇಜು ಬಿಡುವವರೆಗೆ ನನ್ನ ಜೊತೆ ಮಾತಾಡುವುದಿಲ್ಲ ಎಂದೆ ನೀನು. ಪತ್ರ ಓದುವುದಿಲ್ಲ ಎಂದು ಹೇಳಿರಲಿಲ್ಲ. ಆ ಸಂದಿಯಲ್ಲಿ ಈ ಕಾಗದವನ್ನು ತೂರಿಸುತ್ತಿದ್ದೇನೆ.

ನೀನು ಬರಬೇಕೆಂದು ಬರೆದದ್ದಲ್ಲ.

ನಿನ್ನ ತಂದೆ,
ಗೋವಿಂದಯ್ಯ


ಚಿತ್ರದುರ್ಗ
11 ಜುಲೈ 2025

ಅಪ್ಪನಿಗೆ,

ನಿಮ್ಮ ಪತ್ರ ಬಂತು. ಅಂಗಡಿಯಲ್ಲಿ ನಿಂತೇ ಓದಿದೆ. ನಮ್ಮ ಯಜಮಾನರು ಮಾರುತೇಶಣ್ಣ, "ಏನಮ್ಮ, ಮನೆ ಕಾಗದನಾ?" ಎಂದು ಕೇಳಿದರು. ಲ್ಯಾಪ್‌ಟಾಪ್ ಬೇಕಂತೆ ಎಂದೆ.

ಕೆಲವು ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಕರಪತ್ರದಲ್ಲಿ ಬರೆದದ್ದನ್ನು ನಾನು ವಾಪಸು ಪಡೆದಿಲ್ಲ. ಕಾಯಿಲೆ ಒಂದು ವಾದಕ್ಕೆ ಉತ್ತರವಾಗುವುದಿಲ್ಲ. ತನ್ನ ಅರ್ಜಿಯನ್ನು ತಾನೇ ಬರೆಯಲಾರದಂತೆ ಜನರನ್ನು ಇಟ್ಟಿರುವ ವ್ಯವಸ್ಥೆಗೆ ನಿಮ್ಮ ಮೇಜು ಒಂದು ಕಾಲು. ಫೋನು ಮಾಡುವುದಿಲ್ಲ ಎಂದದ್ದೂ ಹಾಗೇ ಇದೆ. ಆದರೆ ಯಂತ್ರದ ಕೆಲಸಕ್ಕೆ ನಾನು ಇದ್ದೇನೆ. ಪೂರ್ತಿಯಾಗಿ ಇದ್ದೇನೆ.

ಅಲ್ಲಿ ಯಾವುದನ್ನೂ ಕೊಳ್ಳಬೇಡಿ. ಷೋರೂಮಿನವರು ತೋರಿಸುವುದು ತೆಳ್ಳಗಿನ, ಹೊಳೆಯುವ ತಗಡು. ಮೊನ್ನೆ ಹಿರಿಯೂರಿನ ಮೇಷ್ಟ್ರೊಬ್ಬರು ಅಂಥದೊಂದನ್ನು ಎದೆಗೆ ಅಪ್ಪಿಕೊಂಡು ಬಂದಿದ್ದರು. ಮೂರೇ ವರ್ಷದ್ದು. ಬ್ಯಾಟರಿ ಉಬ್ಬಿತ್ತು, ಅದನ್ನು ಒಳಗೆ ಗೋಂದು ಹಾಕಿ ಅಂಟಿಸಿದ್ದರು. ರ್ಯಾಮ್ ಸಾಲದೆ ಯಂತ್ರ ನಿಂತಲ್ಲೇ ನಿಲ್ಲುತ್ತಿತ್ತು, ರ್ಯಾಮನ್ನು ಬೋರ್ಡಿಗೇ ಬೆಸೆದಿದ್ದರು. ರ್ಯಾಮ್ ಎಂದರೆ ಯಂತ್ರ ತನ್ನ ಕಾಗದಪತ್ರ ಹರಡಿಕೊಳ್ಳುವ ಮೇಜು ಎಂದುಕೊಳ್ಳಿ. ಕೆಲಸ ಹೆಚ್ಚಾದರೆ ಮೇಜು ದೊಡ್ಡದಾಗಬೇಕು. ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದರೆ ಏನು ಮಾಡುವುದು? ಮೇಷ್ಟ್ರ ಕೈಗೆ ಅದನ್ನು ಹಾಗೇ ವಾಪಸು ಕೊಟ್ಟೆವು. ಆ ಕರಪತ್ರ ಹೊರಡಿಸಿದ ನಮ್ಮ ಬಳಗದ ಇನ್ನೊಂದು ಕೈಪತ್ರದಲ್ಲಿ ಹೀಗಿದೆ: ಬಿಚ್ಚಲಾಗದ ವಸ್ತು ಕೊಂಡವರದ್ದಲ್ಲ, ಮಾರಿದವರದ್ದೇ. ನಾನು ಅದನ್ನು ದಿನಾ ಕಣ್ಣಾರೆ ನೋಡುತ್ತಿದ್ದೇನೆ.

ನಿಮಗೆ ಬೇಕಾದದ್ದು ಹೀಗಿರಬೇಕು. ಹಿಂಬದಿಯ ಮುಚ್ಚಳ ಸಾಮಾನ್ಯ ಸ್ಕ್ರೂಡ್ರೈವರಿನಲ್ಲಿ ಬಿಚ್ಚಬೇಕು. ರ್ಯಾಮಿಗೆ ಎರಡು ಸ್ಲಾಟು, ಒಂದು ಈಗ ತುಂಬಿರಲಿ, ಇನ್ನೊಂದು ಖಾಲಿ. ದನಿಯನ್ನು ಕಲಿತು ಮಾತಾಡುವ ತಂತ್ರಾಂಶ ಇವತ್ತು ಎಂಟು ಜಿಬಿಯಲ್ಲಿ ನಡೆದರೂ ನಾಳೆ ಹದಿನಾರು ಕೇಳುತ್ತದೆ. ಡಿಸ್ಕು ಬದಲಾಯಿಸುವಂತಿರಬೇಕು. ಬ್ಯಾಟರಿ ಸ್ಕ್ರೂವಿನಲ್ಲಿ ನಿಂತಿರಬೇಕು. ಕೀಬೋರ್ಡು ಒಂದೇ ಬೇರೆಯಾಗಿ ಸಿಗಬೇಕು, ಏಕೆಂದರೆ ನೀವು ಟೈಪ್‌ರೈಟರಿನ ಕೈಯಲ್ಲಿ ಗುದ್ದುತ್ತೀರಿ. ಇನ್ನೊಂದು, ನಿಮ್ಮ ದನಿ ಯಾವ ಕಂಪನಿಯ ಮನೆಯಲ್ಲೂ ಒತ್ತೆ ಇರಬಾರದು. ನಿಮ್ಮ ಯಂತ್ರದ ಒಳಗೇ ಇರಬೇಕು.

ನಿಮಗೆ ಕಡಿಮೆ ಎಂದರೂ ಹತ್ತು ವರ್ಷ ಬರುವ ಯಂತ್ರ ಬೇಕು. ಅದಕ್ಕಿಂತ ಕಡಿಮೆ ಬರುವ ಯಾವುದನ್ನೂ ನಾನು ಒಪ್ಪುವುದಿಲ್ಲ.

ಹೇಮಾವತಿ


ಹೊಸದುರ್ಗ
19 ಜುಲೈ 2025

ಹೇಮಾವತಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹತ್ತು ವರ್ಷ ಎಂದು ಬರೆದ ಸಾಲನ್ನು ಇನ್ನೊಂದು ಸಲ. ದಾವಣಗೆರೆಯ ಡಾಕ್ಟರು ಅಷ್ಟು ಧಾರಾಳಿಯಲ್ಲ.

ಮಗಳು ಅಪ್ಪನನ್ನು "ನೀವು" ಎನ್ನುವುದು ನಮ್ಮ ಮನೆಯ ವಾಡಿಕೆಯಲ್ಲ. ಇರಲಿ. ತಹಸೀಲ್ದಾರರಿಗೆ ಬರೆದಂತೆ ಬರೆದಿದ್ದೀಯ, ಅಕ್ಷರ ಮಾತ್ರ ನನ್ನದೇ.

ಓಬಳೇಶ ಬಂದಿದ್ದ. ನಿನ್ನ ಅತ್ತೆ ಮಗನಿಗೆ ವಿಷಯ ಹೇಗೋ ಗೊತ್ತಾಗಿ, ಹೊಸ ಲ್ಯಾಪ್‌ಟಾಪನ್ನೇ ತಂದು ಮೇಜಿನ ಮೇಲಿಟ್ಟ. "ಮಾವ, ಒತ್ತಿದ್ರೆ ಸಾಕು, ಎಲ್ಲಾ ಇದ್ರಲ್ಲೇ ಐತೆ. ನಾಳೆನೇ ಓದಾಕೆ ಕುಂತ್ಕ" ಎಂದ. ನಾನು ಅದನ್ನು ತಿರುಗಿಸಿ ಬೆನ್ನು ನೋಡಿದೆ. ಸ್ಕ್ರೂವೇ ಕಾಣಲಿಲ್ಲ.

"ಇದು ಬಿಚ್ಚಕ್ಕೆ ಬರ್ತದೇನಪ್ಪ?" ಎಂದೆ.

"ಯಾಕ್ ಬಿಚ್ಬೇಕು ಮಾವ? ಓದಾಕೆ ತಂದಿರಾದು, ಸುಲಿಯಾಕಲ್ಲ."

"ನಮ್ ಹೇಮಾ ಬ್ಯಾಡ ಅಂದಾಳೆ."

ಅವನು ನಿನ್ನ ಹೆಸರು ಕೇಳಿದ ಮೇಲೆ ಮುಂದೆ ವಾದಿಸಲಿಲ್ಲ. "ಹೋಗ್ಲಿ ಬಿಡು, ಅವಳ ಮಾತು ಕೇಳಿದ್ದಾದ್ರೂ ಒಳ್ಳೇದಾತು" ಎಂದು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಶಾಲಿನಿ ಮೇಡಂ ಕೊಟ್ಟ ಆರುನೂರು ವಾಕ್ಯಗಳನ್ನು ನೋಡುತ್ತಿದ್ದೇನೆ. "ಇಂದು ಹವಾಮಾನ ಆಹ್ಲಾದಕರವಾಗಿದೆ." ಹೊಸದುರ್ಗದಲ್ಲಿ ಇದನ್ನು ಯಾರಿಗೆ ಹೇಳಲಿ? ಅಂಥವನ್ನು ಹೊಡೆದುಹಾಕಿ ನನ್ನ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದೇನೆ. ಮನೇಲಿ ಯಾರ್ಯಾರಿದೀರವ್ವ. ಹೊಲ ಯಾರ ಹೆಸರಲ್ಲೈತೆ. ಅಣ್ತಮ್ಮಂದಿರು ಮಾತಾಡ್ತಾರಾ. ಮೂವತ್ತೊಂದು ವರ್ಷದಲ್ಲಿ ಕೇಳಿದ್ದು ಇಷ್ಟೇ ಪ್ರಶ್ನೆಗಳೇ ಎಂದು ನನಗೇ ಆಶ್ಚರ್ಯವಾಯಿತು. ಒಟ್ಟು ನೂರು ದಾಟುತ್ತಿಲ್ಲ.

ನಿನ್ನ ತಂದೆ,
ಗೋವಿಂದಯ್ಯ


ಚಿತ್ರದುರ್ಗ
2 ಆಗಸ್ಟ್ 2025

ಅಪ್ಪನಿಗೆ,

ಓಬಳೇಶನದನ್ನು ವಾಪಸು ಕಳಿಸಿದ್ದು ಸರಿ.

ಒಂದು ಯಂತ್ರ ಸಿಕ್ಕಿತ್ತು. ದೊಡ್ಡ ಕಚೇರಿಗಳಲ್ಲಿ ಬಳಸಿ ತೆಗೆದುಹಾಕುವ, ಗಟ್ಟಿ ಜಾತಿಯದು. ಅವು ನೋಡಲು ಎಮ್ಮೆಯಂತೆ ಇರುತ್ತವೆ, ಆದರೆ ಎಲ್ಲಾ ಭಾಗ ಬದಲಾಯಿಸಬಹುದು. ತರಿಸಿದೆ. ಬಿಚ್ಚಿ ನೋಡಿದರೆ ಎರಡು ಸ್ಲಾಟಿನ ಜಾಗದಲ್ಲಿ ಒಂದೇ ಇತ್ತು, ಇನ್ನೊಂದು ರ್ಯಾಮು ಬೋರ್ಡಿಗೆ ಬೆಸೆದದ್ದು. ಅದೇ ಹೆಸರು, ಅದೇ ಮುಚ್ಚಳ, ಮರುವರ್ಷದ ತಯಾರಿ. ಅರ್ಧ ಬಾಗಿಲು ಮುಚ್ಚಿ ಅದನ್ನೇ ಹೊಸತೆಂದು ಮಾರುತ್ತಾರೆ. ವಾಪಸು ಕಳಿಸಿದೆ.

ಮಾರುತೇಶಣ್ಣನಿಗೆ ಸಿಟ್ಟು ಬಂತು. "ಎಂಟು ಜಿಬಿ ಬೆಸುಗೆ, ಅದರ ಮೇಲೆ ಹದಿನಾರು ಹಾಕಿದ್ರೆ ಇಪ್ಪತ್ನಾಕು. ನಿಮ್ಮಪ್ಪ ಏನು ರಾಕೆಟ್ ಬಿಡ್ತಾನಾ?" ಎಂದರು.

"ಬೆಸೆದದ್ದು ಕೆಟ್ಟರೆ ಬೋರ್ಡೇ ಹೋಯ್ತಲ್ಲಣ್ಣ" ಎಂದೆ.

"ಲೇ ಹೇಮಾ, ನಿಮ್ಮಪ್ಪಗೆ ಲ್ಯಾಪ್‌ಟಾಪ್ ಬೇಕಾಗೈತೋ, ನಿನ್ ಕರಪತ್ರಕ್ಕೊಂದು ಉದಾಹರಣೆ ಬೇಕಾಗೈತೋ?"

ಆಮೇಲೆ ಅವರೇ, ರಿಪೇರಿಗೆ ಬಂದಿರುವ ಯಾವುದಾದರೂ ಒಂದನ್ನು ಒಯ್ದು ಸದ್ಯಕ್ಕೆ ರೆಕಾರ್ಡು ಮಾಡಿಕೊಂಡು ಬಾ ಎಂದರು. ಗಿರಾಕಿ ನಂಬಿ ಬಿಟ್ಟುಹೋದ ಯಂತ್ರವನ್ನು ಸ್ವಂತಕ್ಕೆ ಬಳಸುವುದು ಕಳ್ಳತನ ಎಂದೆ. ಹಾಗಾದರೆ ಫೋನಿನಲ್ಲಾದರೂ ಎಂದರು. ಫೋನು ದನಿಯನ್ನು ಹಿಂಡಿ, ಸಣ್ಣದು ಮಾಡಿ ಇಟ್ಟುಕೊಳ್ಳುತ್ತದೆ. ಯಂತ್ರ ಆ ಹಿಂಡಿದ ದನಿಯನ್ನೇ ಕಲಿಯುತ್ತದೆ. ಒಮ್ಮೆ ಕೆಟ್ಟದಾಗಿ ಹಿಡಿದ ದನಿ ಕೊನೆಯವರೆಗೂ ಕೆಟ್ಟದಾಗಿಯೇ ಇರುತ್ತದೆ. ಓಬಳೇಶ ಏನಾದರೂ ಫೋನು ಹಿಡಿದುಕೊಂಡು ಬಂದರೆ ಒಪ್ಪಬೇಡಿ. ಒಂದೇ ಸಲ, ಸರಿಯಾಗಿ ಮಾಡೋಣ.

ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಗಂಟಲನ್ನು ದಣಿಸಬೇಡಿ. ದಿನಾ ಕೂಗಿ ಕೂಗಿ ಇದ್ದ ದನಿಯನ್ನೂ ಸವೆಸಿದರೆ ಓದುವಾಗ ಏನೂ ಉಳಿಯುವುದಿಲ್ಲ. ಅದನ್ನು ಉಳಿಸಿಟ್ಟುಕೊಳ್ಳಿ.

ಊಟ ನುಂಗುವುದಕ್ಕೆ ಆಗುತ್ತಿದೆಯೇ?

ಹೇಮಾವತಿ


ಹೊಸದುರ್ಗ
10 ಆಗಸ್ಟ್ 2025

ಹೇಮಾವತಿಗೆ,

ಗಂಜಿ, ಮುದ್ದೆ ಇಳಿಯುತ್ತವೆ. ರೊಟ್ಟಿ ಬಿಟ್ಟಿದ್ದೇನೆ.

ನೀನು ಹೇಳಿದಂತೆ ದನಿಯನ್ನು ಉಳಿಸುತ್ತಿದ್ದೇನೆ. ಬುಧವಾರದಿಂದ ಮಾತು ನಿಲ್ಲಿಸಿದ್ದೇನೆ. ಮನೆಯಲ್ಲಿ ಕೈಸನ್ನೆ. ಮೊದಲ ದಿನ ನಿಮ್ಮಮ್ಮ ನಕ್ಕಳು. ಎರಡನೆಯ ದಿನ ಬೈದಳು. "ನಂಜೊತೆ ಮಾತಾಡಾಕೆ ಏನ್ ಬಂದೈತೆ ನಿಂಗೆ, ಆ ಡಬ್ಬಿಗೆ ಹೇಳಾಕಂತ ಕೂಡಿಟ್ಕಂಡಿದೀಯಾ?" ಎಂದಳು. ಹೌದೆಂದು ತಲೆ ಆಡಿಸಿದೆ. ಆಮೇಲೆ ಅವಳೂ ಮಾತು ಕಡಿಮೆ ಮಾಡಿದ್ದಾಳೆ. ಆಪರೇಷನ್ ಎಂಥದ್ದೆಂದು ಈಗ ಅವಳಿಗೆ ಪೂರ್ತಿ ಗೊತ್ತು. ಹೇಳಿದವನು ಓಬಳೇಶ.

ಕೆಲಸದಲ್ಲಿ ಪಕ್ಕದ ಮೇಜಿನ ಜಂಬಣ್ಣ ನನ್ನ ಪರವಾಗಿ ಕೇಳುತ್ತಾನೆ, ನಾನು ಬರೆಯುತ್ತೇನೆ. ಅವನು ಒಳ್ಳೆಯವನು, ಆದರೆ ಅವಸರದವನು. ಗುರುವಾರ ಕಾಟಮ್ಮ ಎನ್ನುವ ಹೆಂಗಸು ವಿಧವಾ ವೇತನಕ್ಕೆ ಬಂದಿತ್ತು. ಜಂಬಣ್ಣ ಕೂತಲ್ಲಿಂದಲೇ, "ಗಂಡ ಸತ್ತು ಎಷ್ಟು ದಿನಾತಮ್ಮ? ಮರಣ ಪತ್ರ ಐತೋ ಇಲ್ಲೋ?" ಎಂದು ಶುರುಮಾಡಿದ. ಸಾವಿನಿಂದ ಯಾರೂ ಶುರುಮಾಡಬಾರದು. ಮನೇಲಿ ಯಾರ್ಯಾರಿದೀರವ್ವ ಎನ್ನಬೇಕು. ಅವರು ಎಣಿಸುತ್ತಾ ಹೋಗಿ ಒಂದು ಕಡೆ ತಾವೇ ನಿಲ್ಲುತ್ತಾರೆ. ಆಗ ಸುಮ್ಮನೆ ಕಾಯಬೇಕು. ಉಳಿದದ್ದು ತಾನೇ ಬರುತ್ತದೆ. ಕಾಟಮ್ಮ ಬೆದರಿ ಹೌದು, ಇಲ್ಲ ಎಂದಷ್ಟೇ ಹೇಳಿತು. ಗಂಡನಿಗೆ ಎರಡು ಹೆಸರಿದ್ದವು, ಪಡಿತರ ಚೀಟಿಯಲ್ಲಿ ಒಂದು, ಮರಣ ಪತ್ರದಲ್ಲಿ ಇನ್ನೊಂದು. ಅದು ಬಾಯಿಗೆ ಬರಲೇ ಇಲ್ಲ. ಅರ್ಜಿ ವಾಪಸು ಬಂದಿದೆ.

ಬಾಯಿಗೆ ಬಾಡಿಗೆ ಎಂದು ಬರೆದಿದ್ದೆಯಲ್ಲ, ಅದು ಸುಳ್ಳಲ್ಲದಿರಬಹುದು. ಕಿವಿಯನ್ನು ನೀನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೆಟ್ಟಿಲು ಹತ್ತುವಾಗ ಈಚೆಗೆ ಸ್ವಲ್ಪ ದಮ್ಮು. ನೂರು ಪ್ರಶ್ನೆಗಳನ್ನೂ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಮನಸ್ಸಿನಲ್ಲೇ ಓದಿ ಅಭ್ಯಾಸ ಮಾಡುತ್ತೇನೆ. ಯಂತ್ರ ಯಾವಾಗ ಬರಬಹುದೆಂದು ತಿಳಿಸಿದರೆ ಆಯಿತು. ಅವಸರವಿಲ್ಲ.

ನಿನ್ನ ತಂದೆ,
ಗೋವಿಂದಯ್ಯ


ಚಿತ್ರದುರ್ಗ
18 ಆಗಸ್ಟ್ 2025

ಅಪ್ಪನಿಗೆ,

ಸಿಕ್ಕಿತು. ಈ ಸಲ ನಿಜವಾಗಿಯೂ ಸಿಕ್ಕಿತು.

ಹೊಳಲ್ಕೆರೆಯ ಒಂದು ಸೊಸೈಟಿಯವರು ಐದು ಯಂತ್ರ ಮಾರುತ್ತಿದ್ದಾರೆಂದು ತಿಳಿದು ಹೋಗಿದ್ದೆ. ಅಲ್ಲೇ ನೆಲದ ಮೇಲೆ ಕೂತು ಐದನ್ನೂ ಬಿಚ್ಚಿದೆ. ಅಲ್ಲಿನ ಗುಮಾಸ್ತರು, "ಏನಮ್ಮ ಇದು, ಕುರಿ ಕೊಳ್ಳೋರು ಹಲ್ಲು ನೋಡ್ದಂಗೆ ನೋಡ್ತೀಯ" ಎಂದರು. ನಾಲ್ಕನೆಯದು ನಾನು ಬರೆದಿದ್ದ ಹಾಗೇ ಇತ್ತು. ಎಂಟು ಸ್ಕ್ರೂ, ಮುಚ್ಚಳ ಕೈಗೆ ಬರುತ್ತದೆ. ರ್ಯಾಮಿಗೆ ಎರಡು ಸ್ಲಾಟು. ಬ್ಯಾಟರಿ ಐದು ಸ್ಕ್ರೂವಿನಲ್ಲಿ ನಿಂತಿದೆ. ಬೋರ್ಡಿನಲ್ಲಿ ಎಲ್ಲೂ ತುಕ್ಕಿಲ್ಲ. ನಮ್ಮಂಥವರು ಒಂದು ದಿನ ರಿಪೇರಿ ಮಾಡಬಹುದೆಂದು ಯೋಚಿಸಿದ ಯಾರೋ ಒಬ್ಬರು ಇದನ್ನು ಮಾಡಿದ್ದಾರೆ. ಅಪರಿಚಿತರ ಮರ್ಯಾದೆ ಎಂದರೆ ಇದೇ ಎನ್ನಿಸಿತು.

ಒಂದೇ ಕೊರತೆ, ಮೈಕು ಹಾಕುವ ತೂತು ಸಡಿಲವಾಗಿ ಗರಗರ ಎನ್ನುತ್ತದೆ. ಆ ಗರಗರ ನಿಮ್ಮ ದನಿಯೊಳಗೆ ಸೇರಬಾರದು. ಚಿಕ್ಕ ಬಿಡಿಭಾಗ, ಆರ್ಡರ್ ಹಾಕಿದ್ದೇನೆ, ಶನಿವಾರ ಬರುತ್ತದೆ. ಹಾಕಿಕೊಂಡು ಭಾನುವಾರ, ಇಪ್ಪತ್ನಾಲ್ಕಕ್ಕೆ, ನಾನೇ ತರುತ್ತೇನೆ. ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಅಮ್ಮನಿಗೆ ಮಿಕ್ಸಿ ಹಾಕಬೇಡ ಎನ್ನಿ. ಎರಡು ದಿನದಲ್ಲಿ ಮುಗಿಸೋಣ.

ಆ ದಿನ ಮಾತಾಡುತ್ತೇನೆ. ಮೇಜು ಬಿಟ್ಟಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ.

ಹೇಮಾವತಿ


ಚಿತ್ರದುರ್ಗ
14 ಸೆಪ್ಟೆಂಬರ್ 2025

ಅಪ್ಪನಿಗೆ,

ದಾವಣಗೆರೆಯಿಂದ ನಿನ್ನೆ ಬಂದೆ. ಆಸ್ಪತ್ರೆಯಲ್ಲಿ ಇಷ್ಟು ದಿನ ನಿಮ್ಮ ಎದುರಿಗೇ ಇದ್ದು ಹೇಳದೆ ಇದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಆ ಗುರುವಾರ, ಇಪ್ಪತ್ತೊಂದಕ್ಕೆ, ಮಧ್ಯಾಹ್ನ ಜಂಬಣ್ಣ ಅಂಗಡಿಗೆ ಫೋನು ಮಾಡಿದಾಗ ನಾನು ಹೋಗಿ ಎತ್ತಲಿಲ್ಲ. ಮಾರುತೇಶಣ್ಣ ಎತ್ತಿದರು. "ಮೇಜಿನ ಮೇಲೇ ಉಸಿರು ಕಟ್ಟೈತೆ, ದಾವಣಗೆರೆಗೆ ಕರ್ಕಂಡ್ ಹೊಂಟೀವಿ" ಎಂದಿದ್ದರಂತೆ. ನಾನು ಬಂದು ತಲುಪುವಷ್ಟರಲ್ಲಿ ಕತ್ತಿನಲ್ಲಿ ತೂತು ಮಾಡಿ ನಳಿಗೆ ಇಟ್ಟಿದ್ದರು. ಗಡ್ಡೆ ಊದಿಕೊಂಡು ದಾರಿ ಮುಚ್ಚಿತ್ತು, ಇನ್ನು ಕಾಯುವ ಹಾಗಿಲ್ಲ ಎಂದು ನಾಲ್ಕನೆಯ ದಿನ ಪೂರ್ತಿ ಆಪರೇಷನ್ ಮಾಡಿದರು. ಆ ನಾಲ್ಕನೆಯ ದಿನ ಭಾನುವಾರ.

ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಹೇಳಿದರು. ಅವರಿಗೆ ಆರುನೂರು ವಾಕ್ಯದ ವಿಷಯ ಗೊತ್ತಿಲ್ಲ. ಶಾಲಿನಿ ಮೇಡಂಗೆ ಗೊತ್ತು. ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ರೆಕಾರ್ಡಿಂಗ್ ಎಲ್ಲಿವರ್ಗೆ ಆಗಿತ್ತಮ್ಮ?" ಎಂದು ಕೇಳಿದರು. ಶುರುವಾಗಿರಲಿಲ್ಲ ಎಂದೆ. ಅವರು ಕೈಯಲ್ಲಿದ್ದ ಫೈಲು ಮುಚ್ಚಿದರು. "ಫೋನಲ್ಲಿ ಮಾಡಿದ್ರೂ ನಡೀತಿತ್ತಲ್ಲ" ಎಂದರು. ದೂರುವವರಂತೆ ಅಲ್ಲ, ಬೇಸರದಿಂದ.

ಹಳೆಯದು ಏನಾದರೂ ಸಿಗುತ್ತದೆಯೇ ಎಂದು ಎಲ್ಲರ ಫೋನು ಹುಡುಕಿದೆವು. ಓಬಳೇಶನ ಗೃಹಪ್ರವೇಶದ ವಿಡಿಯೋದಲ್ಲಿ ಒಂದು ಕಡೆ ನೀವು ಪಂಕ್ತಿಯ ಕೊನೆಯಲ್ಲಿ ನಿಂತು "ಎಲೆ ಹಾಕ್ರಪ್ಪ" ಎನ್ನುತ್ತೀರಿ. ಹಿಂದೆ ವಾಲಗ. ಅಷ್ಟೇ. ಎರಡು ಪದದಿಂದ ಯಂತ್ರ ಏನನ್ನೂ ಕಲಿಯುವುದಿಲ್ಲ. ನನ್ನ ಫೋನಿನಲ್ಲಿ ಏನೂ ಇರಲಿಲ್ಲ. ಹತ್ತು ತಿಂಗಳಿಂದ ನಾನು ನಿಮ್ಮ ಕರೆಗಳನ್ನು ತೆಗೆದುಕೊಂಡಿರಲಿಲ್ಲವಲ್ಲ.

ಆಸ್ಪತ್ರೆಯಲ್ಲಿ ನಾನು ಮಾತಾಡಿದ್ದೆಲ್ಲ ಸ್ಕ್ರೂ, ಸ್ಲಾಟು, ಬ್ಯಾಟರಿ. ನೀವು ಮಲಗಿದ್ದಲ್ಲಿಂದ ತಲೆ ಆಡಿಸುತ್ತಿದ್ದಿರಿ. ಅಮ್ಮ ಒಮ್ಮೆ ಎದ್ದು ಹೊರಗೆ ಹೋದಳು. ಬಾಗಿಲಲ್ಲಿ ನಿಂತು ನನಗೆ ಕೇಳುವಂತೆಯೇ, "ಕೊನೇ ಹದಿನೈದು ದಿನ ನಂಜೊತೆನೂ ಮಾತಾಡ್ಲಿಲ್ಲ, ನಿನ್ ಡಬ್ಬಿಗೂ ದನಿ ಕೊಡ್ಲಿಲ್ಲ" ಎಂದಳು. ಉಳಿಸಿಟ್ಟುಕೊಳ್ಳಿ ಎಂದು ಬರೆದವಳು ನಾನು ಎಂದು ಅವಳಿಗೆ ಹೇಳಿಲ್ಲ. ನೀವೂ ಹೇಳಿಲ್ಲವೆಂದು ಕಾಣುತ್ತದೆ.

ಬಿಚ್ಚಲಾಗದ ವಸ್ತು ಕೊಂಡವರದ್ದಲ್ಲ ಎನ್ನುವುದು ಈಗಲೂ ನಿಜ. ಅದು ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ತಪ್ಪು ಓದಿದೆ ಎಂದುಕೊಳ್ಳುತ್ತಿದ್ದೆ. ಓದಿದ್ದು ಸರಿಯಾಗಿಯೇ ಇತ್ತು. ಅದನ್ನು ಹಿಡಿದುಕೊಂಡು ನಾನು ನಿಮ್ಮ ಗಂಟಲಿನ ಎದುರು ಕಾಯುತ್ತಾ ಕೂತೆ.

ಈ ಪತ್ರದ ಜೊತೆ ಕಳಿಸುತ್ತಿರುವ ಯಂತ್ರದಲ್ಲಿ ಈಗ ಇರುವುದು ಸಿದ್ಧವಾಗಿ ಸಿಗುವ ಹೆಣ್ಣುದನಿ. ಕನ್ನಡದಲ್ಲಿ ಕೇಳಬಹುದಾದದ್ದು ನನಗೆ ಅದೊಂದೇ ಸಿಕ್ಕಿತು. ಮೈಕಿನ ತೂತು ಸರಿಮಾಡಿದ್ದೇನೆ. ಅದನ್ನು ಯಾಕೆ ಮಾಡಿದೆನೋ ಗೊತ್ತಿಲ್ಲ.

ಹೇಮಾವತಿ


ಹೊಸದುರ್ಗ
28 ಸೆಪ್ಟೆಂಬರ್ 2025

ಹೇಮಾವತಿಗೆ,

ಗಾಯ ಒಣಗುತ್ತಿದೆ. ಗಂಜಿ ಈಗ ನಳಿಗೆಯಿಂದ ಅಲ್ಲ, ಬಾಯಿಂದಲೇ. ಕತ್ತಿನ ತೂತಿಗೆ ನಿಮ್ಮಮ್ಮ ತೆಳುವಾದ ಬಿಳಿ ಬಟ್ಟೆ ಹೊಲಿದುಕೊಟ್ಟಿದ್ದಾಳೆ. ದೂಳು ಹೋಗಬಾರದಂತೆ.

ಯಂತ್ರ ಒಳ್ಳೆಯದು. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ. ಕೀಲಿಗಳು ಗಟ್ಟಿ, ನನ್ನ ಗುದ್ದು ತಡೆಯುತ್ತವೆ. ಮೂರು ದಿನದಿಂದ ಅರ್ಧ ದಿನ ಮೇಜಿಗೆ ಹೋಗುತ್ತಿದ್ದೇನೆ.

ಕಾಟಮ್ಮ ಮತ್ತೆ ಬಂದಿತ್ತು. ಮೊದಲು ನನ್ನ ಮಾತಿನಲ್ಲೇ, "ಮನೇಲಿ ಯಾರ್ಯಾರಿದೀರವ್ವ" ಎಂದು ಟೈಪು ಮಾಡಿದೆ. ಯಂತ್ರ ಅದನ್ನು ತೊದಲಿತು. ಹಾಗಾಗಿ ಪುಸ್ತಕದ ಕನ್ನಡದಲ್ಲಿ ಹೊಡೆದೆ. "ನಿಮ್ಮ ಕುಟುಂಬದಲ್ಲಿ ಯಾರು ಯಾರು ಇದ್ದಾರೆ" ಎಂದು ಸ್ಪಷ್ಟವಾಗಿ ಹೇಳಿತು. ಕಾಟಮ್ಮ ಮೇಜಿನ ಹಿಂದೆ ಬಗ್ಗಿ ನೋಡಿ, "ಈಯಮ್ಮ ಎಲ್ಲಿ ಕುಂತೈತೆ ಗೋವಿಂದಣ್ಣ?" ಎಂದಿತು. ಜಂಬಣ್ಣ, "ಅದು ನಿಮ್ಮ ಗೋವಿಂದಣ್ಣನೇ ಕಣಮ್ಮ, ಆಪರೇಷನ್ ಮಾಡಿ ಹಿಂಗಾಗೈತೆ" ಎಂದು ನಗಿಸಲು ನೋಡಿದ. ಕಾಟಮ್ಮ ನಗಲಿಲ್ಲ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಇಬ್ರು ಇದೀವಿ ಮೇಡಂ" ಎಂದಿತು. ಕಚೇರಿಯೊಳಗೆ ಸಾಹೇಬರಿಗೆ ಉತ್ತರ ಕೊಡುವಾಗ ನಿಲ್ಲುವ ಹಾಗೆ. ನನ್ನ ಮುಂದೆ ಯಾರೂ ನಿಂತು ಮಾತಾಡಿದ್ದಿಲ್ಲ. ಕುಂತ್ಕಳವ್ವ ಎಂದು ಕೈಸನ್ನೆ ಮಾಡಿದೆ. ಕೂರಲಿಲ್ಲ. ಗಂಡನ ಎರಡನೆಯ ಹೆಸರು ಈ ಸಲವೂ ಬರುತ್ತಿರಲಿಲ್ಲ, ನನಗೆ ಮೊದಲೇ ಗೊತ್ತಿದ್ದರಿಂದ ಬರೆದೆ. ಗೊತ್ತಿಲ್ಲದವರು ಬಂದಾಗ ಏನು ಮಾಡುವುದೆಂದು ಯೋಚಿಸಿಲ್ಲ. ಬರುವವರೂ ಕಡಿಮೆಯಾಗುತ್ತಿದ್ದಾರೆ. ಮೇಜನ್ನು ದೀಪಾವಳಿಯವರೆಗೆ ನೋಡುತ್ತೇನೆ.

ಮನೆಯಲ್ಲಿ ಅದನ್ನು ಒಂದೇ ಸಲ ಬಳಸಿದೆ. ನಿಮ್ಮಮ್ಮ ಅಡುಗೆಮನೆಯಿಂದ ಕರೆದಳು. "ಬಂದೆ" ಎಂದು ಒತ್ತಿದೆ. ಆ ಹೆಣ್ಣುದನಿ "ಬಂದೆ" ಎಂದಿತು. ಅವಳು ಒಲೆ ಆರಿಸಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ. ಈಗ ಮನೆಯಲ್ಲಿ ಚಪ್ಪಾಳೆ ತಟ್ಟುತ್ತೇನೆ.

ನೀನು ಇನ್ನು ತಪ್ಪೊಪ್ಪಿಗೆಯ ಪತ್ರ ಬರೆಯಬೇಡ. ಅಂಥವನ್ನು ಊರಿನವರಿಗೆಲ್ಲ ಬರೆದುಕೊಟ್ಟವನು ನಾನು. ಅದರಲ್ಲಿ ಎಷ್ಟು ನಿಜ, ಎಷ್ಟು ಅಲಂಕಾರ ಎಂದು ಓದುತ್ತಲೇ ಅಳೆಯುತ್ತೇನೆ. ನಿನ್ನದರಲ್ಲಿ ಅಲಂಕಾರ ಸಿಗಲಿಲ್ಲ. ಅದಕ್ಕೇ ಇನ್ನೊಂದನ್ನು ಓದಲಾರೆ. ಓಬಳೇಶನ ಯಂತ್ರವನ್ನು ವಾಪಸು ಕಳಿಸಿದ ಕೈ ನನ್ನದು. ಹತ್ತು ವರ್ಷ ಎಂದು ನೀನು ಬರೆದದ್ದನ್ನು ನಂಬಬೇಕೆನ್ನಿಸಿತ್ತು.

ಫೋನು ಮಾಡು. ಕಿವಿ ಚೆನ್ನಾಗಿದೆ.

ನಿನ್ನ ತಂದೆ,
ಗೋವಿಂದಯ್ಯ


ಚಿತ್ರದುರ್ಗ
5 ಅಕ್ಟೋಬರ್ 2025

ಅಪ್ಪ,

ಇವತ್ತು ಬೆಳಿಗ್ಗೆ ಫೋನು ಮಾಡಿದವಳು ನಾನೇ. ಅಮ್ಮ ಎತ್ತಿ, "ತಡಿ, ಕೊಡ್ತೀನಿ" ಎಂದಳು. ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ನಿನ್ನ ಉಸಿರು. ಮೂಗಿನಿಂದ ಬರುವ ಉಸಿರಲ್ಲ, ಬಟ್ಟೆಯ ಒಳಗಿಂದ ಬರುವುದು. ನಾನು ಮಾತಾಡಬೇಕೆಂದು ಬಾಯಿ ತೆರೆದೆ. ಹೇಳಬೇಕಾದದ್ದನ್ನು ರಾತ್ರಿಯೇ ಯೋಚಿಸಿಟ್ಟಿದ್ದೆ. ಅಷ್ಟರಲ್ಲಿ ಕೀಲಿಗಳ ಸದ್ದು ಕೇಳಿತು, ನಿನ್ನ ಆ ಗುದ್ದು. ನಾನೇ ಆರಿಸಿ ಹಾಕಿದ ದನಿ, "ಹೇಳು ಹೇಮಾ" ಎಂದಿತು.

ಫೋನಿಟ್ಟುಬಿಟ್ಟೆ. ಲೈನು ಕಟ್ಟಾಗಿದ್ದಲ್ಲ.

ಅಮ್ಮ ಎರಡು ಸಲ ವಾಪಸು ಮಾಡಿದಳು. ಎತ್ತಲಿಲ್ಲ. ಎತ್ತಿದರೆ ಮತ್ತೆ ಆ ಹೆಂಗಸು ನನ್ನ ಹೆಸರು ಹಿಡಿದು ಕರೆಯುತ್ತಾಳೆ ಎಂದು ಭಯವಾಯಿತು. ನೀನು ನನ್ನನ್ನು ಹೇಗೆ ಕರೆಯುತ್ತಿದ್ದೆ ಎನ್ನುವುದು ನನಗೆ ಈಗ ನೆನಪಿದೆ. ಹೇ ಅನ್ನುವುದನ್ನು ಸ್ವಲ್ಪ ಎಳೆದು, ಕೊನೆಯಲ್ಲಿ ಅರ್ಧಕ್ಕೇ ಬಿಡುತ್ತಿದ್ದೆ. ಆ ದನಿಯನ್ನು ಇನ್ನೂ ಕೆಲವು ಸಲ ಕೇಳಿದರೆ ಇದೂ ಹೋಗುತ್ತದೆ.

ನಾಳೆ ಏಳು ಗಂಟೆಗೆ ಮಾಡುತ್ತೇನೆ, ನೀನು ಮೇಜಿಗೆ ಹೊರಡುವ ಮೊದಲು. ಈ ಪತ್ರ ನಿನಗೆ ಬುಧವಾರವೋ ಗುರುವಾರವೋ ಸಿಗುತ್ತದೆ, ಹಾಗಾಗಿ ನಾಳೆಯೂ ನೀನು ಒತ್ತುತ್ತೀಯ, ನಾಳಿದ್ದೂ ಒತ್ತುತ್ತೀಯ. ಆ ಎರಡು ಮೂರು ದಿನ ಫೋನಿಡದೆ ತಡೆದುಕೊಳ್ಳುತ್ತೇನೆ. ಇದು ಕೈಗೆ ಬಂದ ಮೇಲೆ ಯಂತ್ರವನ್ನು ಮುಚ್ಚಿಡು. ಏನೂ ಒತ್ತಬೇಡ ಅಪ್ಪ. ಹತ್ತು ತಿಂಗಳ ಮಾತು ನನ್ನ ಹತ್ತಿರ ಇದೆ, ಅದನ್ನೆಲ್ಲ ನಾನೇ ಆಡುತ್ತೇನೆ. ನೀನು ಆ ಕಡೆ ಇದ್ದೀಯ ಎಂದು ಉಸಿರು ಕೇಳಿಸುತ್ತದೆ.

ಹೇಮಾ